ಏರೋಸ್ಪೇಸ್ ತಗೊಳ್ಳೋದೋ, ಮೆಕ್ಯಾನಿಕಲ್ಲೋ? ರಾಕೆಟ್, ಉಪಗ್ರಹದ ಕೆಲಸಕ್ಕೆ ದಾರಿ ಹೇಳಿ

ಶರಾವತಿ_ಕಣಿವೆ:
ಎಲ್ಲರಿಗೂ ನಮಸ್ಕಾರ. ತಂಗಿ ಈ ವರ್ಷ ಸೆಕೆಂಡ್ ಪಿಯು ಮುಗಿಸಿದ್ದಾಳೆ. ಸಿಇಟಿ ರ‍್ಯಾಂಕಿಗೆ ಬೆಂಗಳೂರಿನ ಒಳ್ಳೆ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಸಿಗೋ ಹಾಗಿದೆ. ಏರೋಸ್ಪೇಸೇ ಬೇಕು ಅಂದ್ರೆ ಲ್ಯಾಬು ಅಷ್ಟಕ್ಕಷ್ಟೇ ಇರೋ ಕಾಲೇಜಿಗೆ ಇಳಿಯಬೇಕು. ಅವಳಿಗೆ ಮಾತ್ರ ಬಾಹ್ಯಾಕಾಶ ಬಿಟ್ಟು ಬೇರೆ ಕೆಲಸ ಬೇಡ. ಆಪ್ಷನ್ ಪಟ್ಟಿಯಲ್ಲಿ ಯಾವುದನ್ನ ಮೇಲೆ ಹಾಕೋದು? ಇಸ್ರೋ ಬಿಟ್ಟರೆ ಬೇರೆ ಏನಿದೆ? ನಾಲ್ಕು ವರ್ಷದಲ್ಲಿ ನಿಜವಾಗಿ ಏನು ಕಲಿತರೆ ಉಪಯೋಗ? ನಾಸಾ ಅಂತ ಮನೆಯವರು ಹೇಳ್ತಾ ಇದ್ದಾರೆ, ಅದು ಸಾಧ್ಯನಾ?

ಕಕ್ಷೆ97:
ಆಪ್ಷನ್ ಎಂಟ್ರಿಗೆ ಮೊದಲು ಇಸ್ರೋದ ಹಳೇ ನೋಟಿಫಿಕೇಶನ್ ಒಂದನ್ನ ಇಳಿಸಿಕೊಂಡು ಕೊನೇ ಪುಟದ ತನಕ ಓದಿ. ಇಸ್ರೋದ ನೇಮಕಾತಿ ಮಂಡಳಿ ಐಸಿಆರ್‌ಬಿ ಕರೆಯೋ ಸೈಂಟಿಸ್ಟ್/ಎಂಜಿನಿಯರ್ ‘ಎಸ್‌ಸಿ’ ಹುದ್ದೆಗಳಲ್ಲಿ ಬಹುಪಾಲು ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸಿಗೇ ಹೋಗುತ್ತವೆ. ಏರೋಸ್ಪೇಸ್ ಅಂತ ಹೆಸರು ಹಿಡಿದು ಕರೆಯೋದು ಹೆಚ್ಚಾಗಿ ತಿರುವನಂತಪುರದ ವಿಎಸ್‌ಎಸ್‌ಸಿಯಂಥ ಕೇಂದ್ರಗಳ ಪ್ರತ್ಯೇಕ ಜಾಹೀರಾತಿನಲ್ಲಿ, ಅಲ್ಲಿ ಸಾಮಾನ್ಯವಾಗಿ ಎಂಟೆಕ್ ಕೇಳ್ತಾರೆ. ಮೆಕ್ಯಾನಿಕಲ್ ಹುದ್ದೆಗೆ ಏರೋನಾಟಿಕಲ್ ಡಿಗ್ರಿ ನಡೆಯುತ್ತೆ ಅಂತ ನೀವಾಗಿ ಅಂದುಕೊಳ್ಳಬೇಡಿ. ಎಷ್ಟೋ ಮಕ್ಕಳಿಗೆ ಇದು ಗೊತ್ತಾಗೋದು ಅರ್ಜಿ ತುಂಬೋ ದಿನ.

ಅರ್ಹತೆ: ಬಿಇಯಲ್ಲಿ ಫಸ್ಟ್ ಕ್ಲಾಸ್, ಒಟ್ಟು 65% ಅಥವಾ 10ಕ್ಕೆ 6.84 ಸಿಜಿಪಿಎ. ಅದರ ಪಕ್ಕದಲ್ಲೇ ಇನ್ನೊಂದು ಸಾಲು ಇರುತ್ತೆ: ಕೋರ್ಸನ್ನು ವಿಶ್ವವಿದ್ಯಾಲಯ ನಿಗದಿ ಮಾಡಿದ ಅವಧಿಯಲ್ಲೇ ಮುಗಿಸಿರಬೇಕು. ಅಂದ್ರೆ ಬ್ಯಾಕ್‌ಲಾಗ್ ಉಳಿದು ಐದನೇ ವರ್ಷಕ್ಕೆ ಹೋದರೆ ಸಿಜಿಪಿಎ 8 ಇದ್ದರೂ ಅರ್ಜಿ ನಿಲ್ಲಲ್ಲ. ಮೊದಲ ವರ್ಷದ ಗಣಿತವನ್ನ ಹಗುರವಾಗಿ ತಗೊಂಡು ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಸಾಮಾನ್ಯ ವರ್ಗಕ್ಕೆ ವಯಸ್ಸಿನ ಮಿತಿ 28.

ಇತ್ತೀಚಿನ ಪರೀಕ್ಷೆ ಎರಡು ಗಂಟೆಯದು. ವಿಷಯದ ಮೇಲೆ 80 ಪ್ರಶ್ನೆ, ತಪ್ಪಿಗೆ ಮೂರನೇ ಒಂದು ಅಂಕ ಕಡಿತ. ಜೊತೆಗೆ ಆಪ್ಟಿಟ್ಯೂಡ್ 15, ಅದಕ್ಕೆ ಕಡಿತ ಇಲ್ಲ. ಕೆಲವು ಜಾಹೀರಾತುಗಳಲ್ಲಿ ಬೇರೆ ಪರೀಕ್ಷೆ ಇಡದೆ ಗೇಟ್ (ಎಂಟೆಕ್ ಪ್ರವೇಶದ ರಾಷ್ಟ್ರೀಯ ಪರೀಕ್ಷೆ) ಅಂಕವನ್ನೇ ತಗೊಳ್ತಾರೆ, ಹಾಗಾಗಿ ಗೇಟ್ ಬರೆದಿಟ್ಟಿರೋದು ಎರಡು ಕಡೆಗೂ ಆಗುತ್ತೆ. ಮೂಲ ವೇತನ ಲೆವೆಲ್ 10ರಲ್ಲಿ 56,100 ರೂ.

ಯಾವ ಕೆಲಸ ಎಲ್ಲಿ ನಡೆಯುತ್ತೆ ಅನ್ನೋದೂ ತಿಳಿದಿರಲಿ. ಉಪಗ್ರಹ ಅಂದ್ರೆ ಬೆಂಗಳೂರಿನ ಯು.ಆರ್. ರಾವ್ ಕೇಂದ್ರ. ರಾಕೆಟ್ ಅಂದ್ರೆ ವಿಎಸ್‌ಎಸ್‌ಸಿ. ದ್ರವ ಎಂಜಿನ್ ಎಲ್‌ಪಿಎಸ್‌ಸಿ, ಎಂಜಿನ್ ಉರಿಸಿ ನೋಡೋದು ಮಹೇಂದ್ರಗಿರಿಯಲ್ಲಿ. ಕ್ಯಾಮೆರಾ, ಟ್ರಾನ್ಸ್‌ಪಾಂಡರ್‌ನಂಥ ಪೇಲೋಡ್ ಅಹಮದಾಬಾದಿನಲ್ಲಿ. ನಮ್ಮ ಹಾಸನದ ಎಂಸಿಎಫ್‌ನಲ್ಲಿ ಭೂಸ್ಥಿರ ಉಪಗ್ರಹಗಳ ನಿಯಂತ್ರಣ. “ರಾಕೆಟ್ ಬೇಕು, ಬೆಂಗಳೂರೂ ಬೇಕು” ಅಂದ್ರೆ ಆಯ್ಕೆ ಕಡಿಮೆ.

ನನ್ನ ಅಭಿಪ್ರಾಯ ಸ್ಪಷ್ಟ: ಒಳ್ಳೆ ಕಾಲೇಜಿನ ಮೆಕ್ಯಾನಿಕಲ್ ಮೇಲೆ ಹಾಕಿ. ಬೇಕಾದರೆ ಕೊನೇ ವರ್ಷ ಗೇಟ್‌ನ ಏರೋಸ್ಪೇಸ್ ಪೇಪರ್ ಬರೆದು ಐಐಎಸ್‌ಸಿ ಅಥವಾ ಐಐಟಿಯಲ್ಲಿ ಎಂಟೆಕ್ ಮಾಡಲಿ. ಮೆಕ್ಯಾನಿಕಲ್‌ನವರೂ ಆ ಪೇಪರ್ ಬರೆಯಬಹುದು. ಇನ್ನು ತಿರುವನಂತಪುರದ ಬಾಹ್ಯಾಕಾಶ ಕಾಲೇಜು ಐಐಎಸ್‌ಟಿಯ ಬಿಟೆಕ್, ಅದು ಜೆಇಇ ಅಡ್ವಾನ್ಸ್ಡ್ ರ‍್ಯಾಂಕ್ ಮೇಲೆ. ಅದನ್ನ ಬರೆದಿಲ್ಲ ಅಂದ್ರೆ ಈ ವರ್ಷಕ್ಕೆ ಆ ಬಾಗಿಲು ಮುಚ್ಚಿದೆ.

ನಾಝಲ್_ಕಂಠ:
ಮೇಲಿನವರು ಹೇಳಿದ್ದು ಇಸ್ರೋ ಮಟ್ಟಿಗೆ ಸರಿ. ಖಾಸಗಿಯವರ ಲೆಕ್ಕ ಬೇರೆ. 2020ರ ಸುಧಾರಣೆ ಬಾಹ್ಯಾಕಾಶ ಕ್ಷೇತ್ರವನ್ನ ಖಾಸಗಿಯವರಿಗೆ ತೆರೆಯಿತು, ಬೆಂಗಳೂರಿನಲ್ಲೇ ಪಿಕ್ಸೆಲ್, ಬೆಲಾಟ್ರಿಕ್ಸ್, ದಿಗಂತರ, ಗ್ಯಾಲಕ್ಸ್‌ಐ ಇವೆ. ಹೈದರಾಬಾದಿನ ಸ್ಕೈರೂಟ್ 2022ರ ನವೆಂಬರ್ 18ಕ್ಕೆ ವಿಕ್ರಮ್-ಎಸ್ ಹಾರಿಸಿತು, ಚೆನ್ನೈನ ಅಗ್ನಿಕುಲ್ 2024ರ ಮೇ 30ಕ್ಕೆ ಸೆಮಿಕ್ರಯೋ (ದ್ರವ ಆಮ್ಲಜನಕ, ಸೀಮೆಎಣ್ಣೆ ಬಗೆಯ ಇಂಧನದ) ಎಂಜಿನ್‌ನ ಪರೀಕ್ಷಾರ್ಥ ರಾಕೆಟ್ ಹಾರಿಸಿತು. ಇಂಥ ಕಡೆ ಬ್ರಾಂಚಿನ ಹೆಸರಿಗಿಂತ ಹೆಚ್ಚಾಗಿ ಕೇಳೋದು “ಯಾವ ಸಬ್‌ಸಿಸ್ಟಮ್ ಗೊತ್ತು” ಅಂತ. ಎಲ್ಲಾ ಸ್ವಲ್ಪ ಸ್ವಲ್ಪ ಗೊತ್ತಿರೋರಿಗಿಂತ ಕವಾಟ, ಫೀಡ್ ಲೈನು, ಲೀಕ್ ಟೆಸ್ಟು ಚೆನ್ನಾಗಿ ಗೊತ್ತಿರೋ ಒಬ್ಬರು ಅವರಿಗೆ ಬೇಕು.

ಪ್ರೊಪಲ್ಷನ್ (ಎಂಜಿನ್) ಕಡೆ ಒಲವಿದ್ದರೆ ಏರೋಸ್ಪೇಸ್ ತಗೊಂಡರೂ ನಷ್ಟ ಇಲ್ಲ, ಗ್ಯಾಸ್ ಡೈನಮಿಕ್ಸ್ (ವೇಗವಾಗಿ ಹರಿಯೋ ಅನಿಲದ ಶಾಸ್ತ್ರ) ಮೂರನೇ ವರ್ಷದಲ್ಲೇ ಗಟ್ಟಿಯಾಗಿ ಸಿಗುತ್ತೆ. ಆದರೆ ಕಾಲೇಜಿಗೆ ಹೋಗಿ ವಿಂಡ್ ಟನಲ್ ಕಣ್ಣಾರೆ ನೋಡಿ. ಅದರಲ್ಲಿ ಬಲ ಅಳೆಯೋ ಬ್ಯಾಲೆನ್ಸಿಗೆ ಕ್ಯಾಲಿಬ್ರೇಶನ್ ಚೀಟಿ ಇದೆಯಾ, ಯಾವ ತಾರೀಕಿನದು ಅಂತ ಕೇಳಿ. ಧೂಳು ಹಿಡಿದು ಕೂತಿದ್ದರೆ ಗೊತ್ತಾಗಿಬಿಡುತ್ತೆ.

ಎಚ್‌ಎಎಲ್ ಕೂಡ ಮರೆಯಬೇಡಿ. ಬೆಂಗಳೂರಿನ ಏರೋಸ್ಪೇಸ್ ವಿಭಾಗ ರಾಕೆಟ್ಟಿನ ಟ್ಯಾಂಕು, ಕವಚಗಳನ್ನ ಮಾಡುತ್ತೆ, ಕ್ರಯೋಜೆನಿಕ್ ಎಂಜಿನ್ ತಯಾರಿಕಾ ಘಟಕ 2022ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆ ಆಯ್ತು.

ಶೇಕರ್_ಟೇಬಲ್:
“ನಾಲ್ಕು ವರ್ಷದಲ್ಲಿ ಏನು ಕಲಿಯಬೇಕು” ಅನ್ನೋದಕ್ಕೆ ಸ್ಟ್ರಕ್ಚರ್ ಮತ್ತು ಟೆಸ್ಟಿಂಗ್ ಕಡೆಯಿಂದ ಹೇಳ್ತೀನಿ. ಸಾಫ್ಟ್‌ವೇರ್ ಹೆಸರುಗಳ ಉದ್ದ ಪಟ್ಟಿ ರೆಸ್ಯೂಮೆಯಲ್ಲಿ ಎಲ್ಲರದ್ದೂ ಇರುತ್ತೆ. ಅನ್ಸಿಸ್‌ನಂಥ ಲೆಕ್ಕದ ಸಾಫ್ಟ್‌ವೇರಿನ ಬಣ್ಣದ ಚಿತ್ರ ತೋರಿಸಿದರೆ ಸಂದರ್ಶನದಲ್ಲಿ ಮೊದಲ ಪ್ರಶ್ನೆ “ಈ ಉತ್ತರ ಸರಿ ಅಂತ ಹೇಗೆ ಗೊತ್ತು?” ಅಲ್ಲಿಗೆ ಅರ್ಧ ಜನ ನಿಂತುಬಿಡ್ತಾರೆ. ಕೈಲೆಕ್ಕ ಬರಬೇಕು.

ಒಂದು ಉದಾಹರಣೆ ಪೂರ್ತಿ ಬಿಡಿಸ್ತೀನಿ. ಉಪಗ್ರಹದೊಳಗಿನ ಸರ್ಕ್ಯೂಟ್ ಬೋರ್ಡ್: 100 ಮಿ.ಮೀ. ಚೌಕ, 1.6 ಮಿ.ಮೀ. ದಪ್ಪದ ಎಫ್‌ಆರ್4 (ಗಾಜಿನ ನಾರು-ಎಪಾಕ್ಸಿ ಹಾಳೆ). ಬರೀ ಬೋರ್ಡು 30 ಗ್ರಾಂ ತೂಗುತ್ತೆ. ನಾಲ್ಕೂ ಅಂಚು ಸಿಂಪ್ಲಿ ಸಪೋರ್ಟೆಡ್ (ಆಧಾರ ಇದೆ, ಆದರೆ ಅಂಚು ತಿರುಗಬಹುದು) ಅಂತ ಹಿಡಿದರೆ ಪ್ಲೇಟ್ ಸೂತ್ರದಲ್ಲಿ ಮೊದಲ ನೈಸರ್ಗಿಕ ಆವರ್ತನ ಸುಮಾರು 475 ಹರ್ಟ್ಸ್. ಆದರೆ ನಿಜವಾಗಿ ಅಂಚು ಹಿಡಿದಿರಲ್ಲ, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ ಇರೋದು. ಆಗ ಅದು 170ರ ಆಸುಪಾಸಿಗೆ ಬೀಳುತ್ತೆ. ಮೇಲೆ ಇನ್ನೂ 30 ಗ್ರಾಂ ಚಿಪ್ಪು, ಕನೆಕ್ಟರ್ ಕೂರಿಸಿ. ತೂಕ ಎರಡರಷ್ಟಾಯ್ತು, ಆವರ್ತನ √2ರಿಂದ ಭಾಗವಾಗಿ 120 ಹರ್ಟ್ಸ್. ಈಗ ರ‍್ಯಾಂಡಮ್ (ಅಡ್ಡಾದಿಡ್ಡಿ) ಕಂಪನಕ್ಕೆ ಬೋರ್ಡು ಎಷ್ಟು ಅಲುಗುತ್ತೆ ಅಂತ ಹೇಳೋ ಮೈಲ್ಸ್ ಸೂತ್ರ ಹಾಕಿ: π/2 × ಆವರ್ತನ × ಕ್ಯೂ × ಪಿಎಸ್‌ಡಿ, ಅದರ ವರ್ಗಮೂಲ. ಕ್ಯೂ (ಅನುರಣನದಲ್ಲಿ ಕಂಪನ ಎಷ್ಟು ಪಟ್ಟು ಹೆಚ್ಚುತ್ತೆ) 10, ಆ ಆವರ್ತನದಲ್ಲಿ ಪಿಎಸ್‌ಡಿ (ಕಂಪನದ ತೀವ್ರತೆ) 0.1 ಜಿ²/ಹರ್ಟ್ಸ್ ಇದ್ದರೆ 13.7 ಜಿ ಆರ್‌ಎಂಎಸ್. ವಿನ್ಯಾಸಕ್ಕೆ ಮೂರು ಸಿಗ್ಮಾ (ಆರ್‌ಎಂಎಸ್‌ನ ಮೂರು ಪಟ್ಟು) ತಗೊಂಡರೆ 41 ಜಿ. ಬೋರ್ಡಿನ ನಡುಭಾಗ ಸುಮಾರು 0.7 ಮಿ.ಮೀ. ಮೇಲೆ ಕೆಳಗೆ ಬಾಗುತ್ತೆ. ಕೆಳಗೆ ಬೆಸುಗೆ ಗುಂಡುಗಳಿರೋ ಬಿಜಿಎ ಚಿಪ್ಪಿನ ಮೂಲೆಯ ಬೆಸುಗೆ, ಸೆರಾಮಿಕ್ ಕೆಪಾಸಿಟರ್ ಒಡೆಯೋದು ಈ ಬಾಗುವಿಕೆಗೇ. ನಡುವೆ ಐದನೇ ಸ್ಕ್ರೂ ಒಂದು ಕೊಟ್ಟರೆ ಏನಾಗುತ್ತೆ ಅಂತ ತಂಗಿ ಲೆಕ್ಕ ಹಾಕಲಿ, ಆಮೇಲೆ ಉಚಿತವಾಗಿ ಸಿಗೋ ಕ್ಯಾಲ್ಕುಲಿಕ್ಸ್‌ನಲ್ಲೋ ಅನ್ಸಿಸ್ ಸ್ಟೂಡೆಂಟ್ ಆವೃತ್ತಿಯಲ್ಲೋ ತಾಳೆ ನೋಡಲಿ. ಎರಡನೇ ವರ್ಷದಲ್ಲಿ ಇದು ಸಾಧ್ಯ.

ಇನ್ನು ಟೆಸ್ಟ್. ಶೇಕರ್ (ಅಲುಗಿಸೋ ಟೇಬಲ್) ಮೇಲೆ ರ‍್ಯಾಂಡಮ್ ಓಡಿಸೋ ಮುಂಚೆ ಒಂದು, ಆಮೇಲೆ ಒಂದು, ಕಡಿಮೆ ಮಟ್ಟದ ಸೈನ್ ಸ್ವೀಪ್ (ಆವರ್ತನ ನಿಧಾನವಾಗಿ ಏರಿಸುತ್ತಾ ಅಲುಗಿಸೋದು) ಮಾಡ್ತಾರೆ. ಎರಡೂ ಗ್ರಾಫ್ ಒಂದರ ಮೇಲೊಂದು ಇಟ್ಟಾಗ ಮುಖ್ಯ ಶಿಖರ 5%ಗಿಂತ ಜಾಸ್ತಿ ಜರುಗಿದ್ದರೆ ಒಳಗೆ ಏನೋ ಸಡಿಲ ಆಗಿದೆ: ಸ್ಕ್ರೂ, ಅಂಟು, ಇಲ್ಲಾ ಬಿರುಕು. ಕಾಲೇಜು ತಂಡಗಳು ಮಾಡೋ ದೊಡ್ಡ ತಪ್ಪು ಫಿಕ್ಸ್ಚರಿನಲ್ಲಿ, ಅಂದ್ರೆ ಉಪಗ್ರಹವನ್ನ ಶೇಕರಿಗೆ ಕಟ್ಟೋ ಚೌಕಟ್ಟಿನಲ್ಲಿ. ತೆಳ್ಳಗಿನ ಪ್ಲೇಟಿನ ಮೇಲೆ ಉಪಗ್ರಹ ಕೂರಿಸ್ತಾರೆ, ಆ ಪ್ಲೇಟೇ 600 ಹರ್ಟ್ಸಿಗೆ ಅನುರಣಿಸುತ್ತೆ, ಉಪಗ್ರಹದ ಬದಲು ಫಿಕ್ಸ್ಚರನ್ನ ಅಳೆದು ಬರ್ತಾರೆ. ಟೆಸ್ಟ್ 2000 ಹರ್ಟ್ಸ್ ತನಕ ಇದ್ದರೆ ಫಿಕ್ಸ್ಚರಿನ ಮೊದಲ ಆವರ್ತನ ಅದಕ್ಕಿಂತ ಮೇಲಿರಬೇಕು. ಬೋಲ್ಟಿಗೆ ಟಾರ್ಕ್ ಎಷ್ಟು ಕೊಟ್ಟಿರಿ ಅಂತ ಬರೆದಿಡದೆ ಹೋದರೆ ಫಲಿತಾಂಶಕ್ಕೆ ಬೆಲೆ ಇಲ್ಲ.

ವಸ್ತುಗಳ ಆಯ್ಕೆಯಲ್ಲೂ ಹೀಗೇ. ನಿರ್ವಾತದಲ್ಲಿ ಅಂಟು, ಪ್ಲಾಸ್ಟಿಕ್ ಆವಿ ಬಿಡುತ್ತವೆ, ಅದು ಹೋಗಿ ಲೆನ್ಸ್ ಮೇಲೆ ಕೂರುತ್ತೆ. ಒಟ್ಟು ತೂಕನಷ್ಟ 1% ಒಳಗೆ, ಘನೀಕರಿಸೋ ಭಾಗ 0.1% ಒಳಗೆ ಇರಬೇಕು ಅನ್ನೋದು ಎಲ್ಲರೂ ಪಾಲಿಸೋ ಮಿತಿ. ಅಂಗಡಿಯ ಸಾಮಾನ್ಯ ಪಿವಿಸಿ ವೈರು ಇಲ್ಲೇ ಬಿದ್ದುಹೋಗುತ್ತೆ, ಅದಕ್ಕೇ ಟೆಫ್ಲಾನ್ ವೈರು ಬಳಸೋದು.

ಗಡಿಯಾಚೆ:
ನಾಸಾ ವಿಚಾರ ಮನೆಯವರಿಗೆ ಈಗಲೇ ಬಿಡಿಸಿ ಹೇಳಿಬಿಡಿ. ನಾಸಾದ ಸರ್ಕಾರಿ ನೌಕರಿಗೆ ಅಮೆರಿಕದ ಪೌರತ್ವ ಬೇಕು. ಸ್ಪೇಸ್‌ಎಕ್ಸ್‌ನಂಥ ಖಾಸಗಿ ಕಂಪನಿಗಳೂ ಐಟಾರ್ ಅನ್ನೋ ರಫ್ತು ನಿಯಂತ್ರಣ ನಿಯಮಗಳಿಗೆ ಒಳಪಟ್ಟಿವೆ. ರಾಕೆಟ್ ತಂತ್ರಜ್ಞಾನ ಮುಟ್ಟೋರು ಸಾಮಾನ್ಯವಾಗಿ ಪೌರರೋ ಗ್ರೀನ್ ಕಾರ್ಡ್ ಇರೋರೋ ಆಗಿರಬೇಕು. ಸಾಲ ಮಾಡಿ ಎಂಎಸ್ ಮುಗಿಸಿದವರಿಗೂ ಸ್ಟೂಡೆಂಟ್ ವೀಸಾ ಮೇಲೆ ಈ ಗೋಡೆ ದಾಟಲು ಆಗಲ್ಲ, ಬಹಳ ಮಂದಿ ಕಾರು ಕಂಪನಿ, ಸಿಮ್ಯುಲೇಶನ್ ಸಾಫ್ಟ್‌ವೇರ್ ಕಡೆ ತಿರುಗ್ತಾರೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆ ಇಎಸ್‌ಎ ಕಾಯಂ ಹುದ್ದೆಗೆ ಸದಸ್ಯ ದೇಶದ ಪೌರತ್ವ ಕೇಳುತ್ತೆ. ಡೆಲ್ಫ್ಟ್, ಸ್ಟುಟ್‌ಗಾರ್ಟ್, ಮ್ಯೂನಿಕ್‌ನಲ್ಲಿ ಓದಿ ಅಲ್ಲಿನ ಸಣ್ಣ ಕಂಪನಿಗೆ ಸೇರೋದು ಇದಕ್ಕಿಂತ ಸಲೀಸು. ಜರ್ಮನಿ ಆದ್ರೆ ಭಾಷೆ ಬಿ1 ಮಟ್ಟಕ್ಕಾದರೂ ಕಲಿತು ಹೋಗಲಿ.

ಶರಾವತಿ_ಕಣಿವೆ:
ಎಲ್ಲರಿಗೂ ಧನ್ಯವಾದ. ಮೆಕ್ಯಾನಿಕಲ್ ಮೇಲೆ ಹಾಕ್ತಾ ಇದ್ದೀವಿ. ಕೊನೇದಾಗಿ ಒಂದು: ಕಾಲೇಜಿನ ಉಪಗ್ರಹ ತಂಡ, ಇಸ್ರೋ ಇಂಟರ್ನ್‌ಶಿಪ್, ಇವೆರಡರಲ್ಲಿ ಯಾವುದಕ್ಕೆ ಹೆಚ್ಚು ಬೆಲೆ?

ಕಕ್ಷೆ97:
ತಂಡ. ಬೆಂಗಳೂರಿಗೆ ಇದರಲ್ಲಿ ಒಳ್ಳೆ ಪರಂಪರೆ ಇದೆ. ಬೆಂಗಳೂರು, ಹೈದರಾಬಾದಿನ ಕಾಲೇಜು ಮಕ್ಕಳು ಸೇರಿ ಕಟ್ಟಿದ ಒಂದು ಕೆಜಿಗೂ ಕಡಿಮೆ ತೂಕದ ಸ್ಟಡ್‌ಸ್ಯಾಟ್ 2010ರ ಜುಲೈನಲ್ಲಿ ಪಿಎಸ್‌ಎಲ್‌ವಿ-ಸಿ15ರಲ್ಲಿ ಹೋಯ್ತು, ಪಿಇಎಸ್‌ನ ಪೈಸ್ಯಾಟ್ 2016ರಲ್ಲಿ. ಈಗ ಪೂರ್ತಿ ಉಪಗ್ರಹವೇ ಕಟ್ಟಬೇಕು ಅಂತಿಲ್ಲ. ಪಿಎಸ್‌ಎಲ್‌ವಿಯ ನಾಲ್ಕನೇ ಹಂತವನ್ನೇ ಕಕ್ಷೆಯಲ್ಲಿ ವೇದಿಕೆಯಾಗಿ ಬಳಸೋ ಪೋಯೆಮ್ ಇದೆ, ವಿದ್ಯುತ್ತು, ದಿಕ್ಕಿನ ನಿಯಂತ್ರಣ ಅದೇ ನೋಡಿಕೊಳ್ಳುತ್ತೆ, ನಾವು ಪೇಲೋಡ್ ಪೆಟ್ಟಿಗೆ ಕೊಟ್ಟರೆ ಸಾಕು. ಆರ್‌ವಿ ಕಾಲೇಜಿನ ಮಕ್ಕಳ ಆರ್‌ವಿಸ್ಯಾಟ್-1 ಸೂಕ್ಷ್ಮಜೀವಿ ಪ್ರಯೋಗ 2024ರ ಡಿಸೆಂಬರ್ 30ಕ್ಕೆ ಹೀಗೇ ಹಾರಿದ್ದು. ಅವಕಾಶ ಖಾಸಗಿ ಬಾಹ್ಯಾಕಾಶ ಕೆಲಸಕ್ಕೆ ಅನುಮತಿ ಕೊಡೋ ಸರ್ಕಾರಿ ಸಂಸ್ಥೆ ಇನ್‌ಸ್ಪೇಸ್ ಮೂಲಕ ಸಿಗುತ್ತೆ.

ಇಂಟರ್ನ್‌ಶಿಪ್ ಬೇಡ ಅಂತಲ್ಲ. ಪ್ರಾಜೆಕ್ಟ್ ಟ್ರೈನಿಯಾಗಿ ಹೋಗೋಕೆ ಆರನೇ ಸೆಮ್ ಮುಗಿದಿರಬೇಕು, 60% ಅಥವಾ 6.32 ಸಿಜಿಪಿಎ ಬೇಕು, ಕಾಲೇಜಿನ ಪತ್ರ ಬೇಕು. ಸ್ಟೈಪೆಂಡ್ ಇರಲ್ಲ, ಕೆಲಸದ ವಿವರ ಹೊರಗೆ ಹೇಳೋ ಹಾಗೂ ಇಲ್ಲ.

ತಂಡಕ್ಕೆ ಸೇರಿದ ಮೇಲೆ ಸೋಷಿಯಲ್ ಮೀಡಿಯಾ, ಸ್ಪಾನ್ಸರ್‌ಶಿಪ್ ಕೆಲಸಕ್ಕೆ ಹಚ್ಚಿದರೆ ಒಪ್ಪಬೇಡ ಅನ್ನಿ. ಹೆಣ್ಣುಮಕ್ಕಳನ್ನ ಆ ಕಡೆ ತಳ್ಳೋ ತಂಡಗಳು ಇವೆ. ಸ್ಟ್ರಕ್ಚರ್ ಅಥವಾ ಥರ್ಮಲ್ ಕೇಳಿ ತಗೊಳ್ಳಲಿ, ಮಾಡಿದ ಪ್ರತಿ ಟೆಸ್ಟಿಗೂ ಎರಡು ಪುಟದ ವರದಿ ಬರೆದಿಡಲಿ: ಉದ್ದೇಶ, ಸೆಟಪ್, ಮಟ್ಟ, ಫಲಿತಾಂಶ, ಏನು ಕೆಟ್ಟಿತು, ಯಾಕೆ. ಸಂದರ್ಶನಕ್ಕೆ ಅದೇ ಫೈಲ್ ತಗೊಂಡು ಹೋಗಬಹುದು.

ಶೇಕರ್_ಟೇಬಲ್:
ಆ ವರದಿಯಲ್ಲಿ ಸೆಟಪ್ ಫೋಟೋ ತಪ್ಪದೇ ಇರಲಿ, ಆಕ್ಸಿಲೆರೋಮೀಟರ್ ಎಲ್ಲಿ ಅಂಟಿಸಿದ್ದು, ಯಾವ ದಿಕ್ಕಿಗೆ ಅಂತ ಬಾಣ ಹಾಕಿ. ಬೋರ್ಡ್ ಲೆಕ್ಕದಲ್ಲಿ ಐದನೇ ಸ್ಕ್ರೂ ಉತ್ತರ ಬಂದಮೇಲೆ ಇಲ್ಲೇ ಹಾಕಲಿ, ನೋಡಿ ಹೇಳ್ತೀನಿ.