ಮುಳಿಹುಲ್ಲಿನ ಬಯಲಿಗೆ ಕಮ್ಯುನಿಸ್ಟ್ ಗಿಡ ನುಗ್ಗಿದೆ, ಏನು ಮಾಡಬಹುದು?

ಪ್ರಶ್ನೆ (ಪೈವಳಿಕೆ, ಕೇರಳದ ಕಾಸರಗೋಡು):
ಮುರಕಲ್ಲಿನ (ಜಂಬಿಟ್ಟಿಗೆಯ) ಪದವು, ಅಂದರೆ ಗುಡ್ಡದ ಮೇಲಿನ ಹುಲ್ಲಿನ ಬಯಲು, ಎರಡು ಎಕ್ರೆ. ನಡುವೆ ಮುಳಿಹುಲ್ಲು (ಮಾಡಿಗೆ ಹೊದಿಸುವ ಹುಲ್ಲು) ಚೆನ್ನಾಗಿದೆ, ರಸ್ತೆ ಬದಿಯಿಂದ ಕಮ್ಯುನಿಸ್ಟ್ ಗಿಡ (ಕ್ರೊಮೊಲೀನಾ ಎಂಬ ಕಳೆ) ಒಳಗೆ ಬರುತ್ತಿದೆ. ಪ್ರತಿ ಜನವರಿಯಲ್ಲಿ ಸವರಿದರೂ ಮಳೆ ಬಿದ್ದ ಮೇಲೆ ಮೊದಲಿಗಿಂತ ದಟ್ಟ. ಬೆಂಕಿ ಕೊಡುವುದೋ, ಮದ್ದು ಹೊಡೆಯುವುದೋ?

ಹಾರೆಪಿಕ್ಕಾಸು:
ಜನವರಿಯಲ್ಲಿ ಸವರಿದರೆ ಬೀಜ ನೀವೇ ಬಿತ್ತಿದ ಹಾಗೆ. ಐದು ಮಿಲಿಮೀಟರಿನ ಕಪ್ಪು ಕಡ್ಡಿ, ತುದಿಗೆ ಬಿಳಿ ಕೂದಲು. ಗಾಳಿಗೂ ಹಾರುತ್ತದೆ, ಪಂಚೆಗೂ ಅಂಟುತ್ತದೆ. ಮೇಲಾಗಿ ಬುಡದಲ್ಲಿ, ಮಣ್ಣಿನ ಮಟ್ಟದಲ್ಲೇ, ಒಂದು ಗಂಟು ಇರುತ್ತದೆ. ಒಂದು ಕಾಂಡ ಕಡಿದರೆ ಆ ಗಂಟಿನಿಂದ ನಾಲ್ಕೈದು ಚಿಗುರು.
ಕೀಳಬೇಕು, ಅದೂ ಜೂನ್ ಕೊನೆಗೆ ಮಣ್ಣು ನೆನೆದ ಮೇಲೆ. ಗಿಡವನ್ನು ಮೊಣಕಾಲೆತ್ತರಕ್ಕೆ ಕಡಿಯಿರಿ, ಉಳಿದ ಕುತ್ತಿಯೇ ಹಿಡಿಕೆ. ಪಿಕ್ಕಾಸಿನ ಮೊನೆ ಗಂಟಿನಡಿ ಕೊಟ್ಟು ಎಬ್ಬಿಸಿ. ಎಳೆ ಬೇರು ತುಂಡಾದರೆ ಚಿಂತೆಯಿಲ್ಲ, ಗಂಟು ಉಳಿದರೆ ಕೂಲಿ ದಂಡ. ಕಿತ್ತದ್ದನ್ನು ಮಣ್ಣು ಕೊಡವಿ ಬರಿ ಪಾರೆಯ (ಬಂಡೆಯ) ಮೇಲೆ ಬೇರು ಮೇಲಾಗಿ ಒಟ್ಟಿ. ಒದ್ದೆ ಮಣ್ಣಲ್ಲಿ ಬಿಟ್ಟರೆ ಮತ್ತೆ ಹಿಡಿದುಕೊಳ್ಳುತ್ತದೆ.
ದಟ್ಟ ಪೊದೆಯಿಂದ ಶುರು ಮಾಡಬೇಡಿ. ಹುಲ್ಲಿನ ನಡುವೆ ಬಿಡಿಬಿಡಿಯಾಗಿ ಎದ್ದವನ್ನು ಮೊದಲು ತೆಗೆದು ರಸ್ತೆ ಕಡೆಗೆ ಬನ್ನಿ. ಅಕ್ಟೋಬರಿನಲ್ಲಿ, ಮೊಗ್ಗು ಕಾಣುವ ಮೊದಲು, ಇನ್ನೊಂದು ಸುತ್ತು. ಮೂರು ವರ್ಷ ಬಿಡದೆ ಮಾಡಬೇಕು. ಜೆಸಿಬಿ ಮಾತ್ರ ಬೇಡ, ಕೆದಕಿದ ಮಣ್ಣೇ ಅದಕ್ಕೆ ತೊಟ್ಟಿಲು.

ಸುರಂಗದ ನೀರು:
ಬೆಂಕಿ ಬೇಡ. ಹುಲ್ಲಿನ ಬೆಂಕಿ ಸರ್ರನೆ ಹಾದುಹೋಗುತ್ತದೆ, ಮುಳಿ ಬುಡದಿಂದ ಚಿಗುರುತ್ತದೆ. ಈ ಗಿಡದ ಒಣಕಾಂಡ ಒಂದೇ ಜಾಗದಲ್ಲಿ ನಿಂತು ಉರಿದು ಪಕ್ಕದ ಹುಲ್ಲಿನ ಬುಡವನ್ನೂ ಸುಡುತ್ತದೆ. ಇದರ ಗಂಟು ಮಾತ್ರ ಮಣ್ಣಿನಲ್ಲಿ ಭದ್ರ. ಗ್ಲೈಫೋಸೇಟ್ ಎಂಬ ಕಳೆನಾಶಕ ಕೇರಳದಲ್ಲಿ 2019ರಲ್ಲೇ ನಿಷೇಧವಾಗಿದೆ. ಆಗದಿದ್ದರೂ ಅದು ಹುಲ್ಲನ್ನೂ ಬಿಡದು, ಪದವಿನ ನೀರು ಇಳಿಯುವುದು ಕೆಳಗಿನ ಸುರಂಗಕ್ಕೆ (ನೀರಿಗಾಗಿ ಗುಡ್ಡದೊಳಗೆ ಅಡ್ಡ ಕೊರೆದ ಬಾವಿ).

ಅಡಿಕೆ ಬುಡ:
ಪಾರೆಯಲ್ಲಿ ಒಣಗಿಸಿ ಕಳೆಯುವುದೇಕೆ? ಹೂವಿಗೆ ಮೊದಲು ಕಡಿದ ಸೊಪ್ಪು ಅಡಿಕೆ ಬುಡಕ್ಕೆ ಒಳ್ಳೆಯ ಮುಚ್ಚಿಗೆ. ಬೇರು ಬೇಡ, ಸೊಪ್ಪು ಮಾತ್ರ. ದನದ ಹಟ್ಟಿಗೆ ಹಾಕಬೇಡಿ, ಎಳೆ ಎಲೆಯಲ್ಲಿ ನೈಟ್ರೇಟ್ ಜಾಸ್ತಿ, ಹಸಿದ ಕರು ಬಾಯಿ ಹಾಕೀತು.

ಪ್ರಶ್ನೆ (ಪೈವಳಿಕೆ):
ಕಿತ್ತಲ್ಲಿ ಬೋಳಾಗುತ್ತದಲ್ಲ?

ಹಾರೆಪಿಕ್ಕಾಸು:
ಬೋಳು ಬಿಟ್ಟರೆ ಅದೇ ಗಿಡ ಮೊದಲು ಬರುವುದು. ಪಕ್ಕದ ಮುಳಿ ತೆನೆ ಬಲಿತಾಗ ತೆನೆ ಸಮೇತ ಕೊಯ್ದು ನೆರಳಲ್ಲಿ ಒಣಗಿಸಿ ಇಡಿ. ಮೇ ಕೊನೆಗೆ ಬೋಳು ಜಾಗ ತುಸು ಕೆರೆದು ತೆಳ್ಳಗೆ ಹರಡಿ, ಮಳೆಯ ಹೊಡೆತಕ್ಕೆ ಕೊಚ್ಚಿಹೋಗದಂತೆ ಮೇಲೆ ನಾಲ್ಕು ಕೊಂಬೆ. ಆ ತುಂಡಿಗೆ ಮೊದಲ ಮಳೆಗಾಲ ದನ ಬಿಡಬೇಡಿ.