ಸೂಜಿ ಚುಚ್ಚುವುದು ಕಾಲಿಗೆ, ಗುಣ ಆಗುವುದು ಮೂತ್ರಕೋಶಕ್ಕಾ? ಎಂಎಸ್ ಇರುವವರು ಹೇಳಿ

ಉಡುಪಿ_ಅಕ್ಕ:
ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ಮಿದುಳು-ಬೆನ್ನುಹುರಿಯ ನರಗಳ ಕಾಯಿಲೆ) ಅಂತ ಗೊತ್ತಾಗಿ ಆರು ವರ್ಷ ಆಯ್ತು. ನಡೆಯಲು ಅಷ್ಟೇನೂ ತೊಂದರೆ ಇಲ್ಲ, ಆದರೆ ಈ ಮೂತ್ರದ ಅವಸರ ಸಾಕುಸಾಕು ಮಾಡಿದೆ. ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ ಹತ್ತಿದರೆ ದಾರಿ ಮಧ್ಯೆ ಮೂಲ್ಕಿಯಲ್ಲಿ ಇಳಿಯಲೇಬೇಕು, ಬೆಳಿಗ್ಗೆಯಿಂದ ನೀರು ಮುಟ್ಟದೆ ಹೊರಟರೂ ಅಷ್ಟೆ. ಮಾತ್ರೆ ತಿಂದರೆ ಬಾಯಿ ಒಣಗುತ್ತದೆ, ಮಲಬದ್ಧತೆ ಬೇರೆ. ಈಗ ಡಾಕ್ಟರು ಪಾದದ ಗಂಟಿನ ಹತ್ತಿರ ಸೂಜಿ ಹಾಕಿ ಕರೆಂಟ್ ಕೊಡುವ ಚಿಕಿತ್ಸೆ ಹೇಳಿದ್ದಾರೆ. ಕಾಲಿಗೆ ಯಾಕೆ ಮಾರಾಯ್ರೆ?

ಫಿಸಿಯೋ_ಕುಡ್ಲ:
ಕಾಲಿನಲ್ಲಿ ಟಿಬಿಯಲ್ ನರ ಅಂತ ಉಂಟು. ಅದರ ಬೇರು, ಮೂತ್ರಕೋಶದ ನರಗಳ ಬೇರು ಎರಡೂ ಬೆನ್ನುಹುರಿಯ ತುದಿಯಲ್ಲಿ ಒಂದೇ ಕಡೆ ಸೇರುತ್ತವೆ. ಕಾಲಿನಿಂದ ಹೋದ ಸಣ್ಣ ಮಿಡಿತ ಅಲ್ಲಿ ಅವಸರದ ಸಿಗ್ನಲನ್ನು ತಗ್ಗಿಸುತ್ತದೆ. ಒಂದು ಸಲಕ್ಕೆ 30 ನಿಮಿಷ, ವಾರಕ್ಕೊಮ್ಮೆ, ಸಾಮಾನ್ಯವಾಗಿ 12 ವಾರ. ಸೂಜಿ ಇಲ್ಲದೆ ಚರ್ಮದ ಮೇಲೆ ಪ್ಯಾಡ್ ಅಂಟಿಸಿ ಕೊಡುವ ರೀತಿಯೂ ಉಂಟು, ಕಲಿತರೆ ಮನೆಯಲ್ಲೇ ಆಗುತ್ತದೆ. ಪೇಸ್‌ಮೇಕರ್ ಇದ್ದರೆ, ಬಸುರಿಯಾಗಿದ್ದರೆ ಮೊದಲೇ ಹೇಳಿಬಿಡಿ. ಇದರಿಂದ ಎಂಎಸ್ ಗುಣ ಆಗುವುದಿಲ್ಲ, ಅದನ್ನು ಮಾತ್ರ ನಿರೀಕ್ಷೆ ಮಾಡಬೇಡಿ.

ಸುರತ್ಕಲ್_ಭಟ್ರು:
ನಾನು ಮಾಡಿಸಿಕೊಂಡವ. ನೋವು ಇಲ್ಲ ಅನ್ನಬಹುದು, ಕೂದಲಿನಷ್ಟು ಸಪೂರ ಸೂಜಿ. ಕರೆಂಟ್ ಸರಿಯಾಗಿ ತಾಗಿದರೆ ಹೆಬ್ಬೆರಳು ತನ್ನಷ್ಟಕ್ಕೆ ಮಡಚಿಕೊಳ್ಳುತ್ತದೆ, ನೋಡಲು ತಮಾಷೆ. ಮೊದಲ ಐದು ವಾರ ಏನೂ ಇಲ್ಲ, ಸುಮ್ನೆ ದುಡ್ಡು ಹಾಳು ಅಂತ ಹೆಂಡತಿಯ ಹತ್ತಿರ ಬೈಸಿಕೊಂಡೆ. ಆಮೇಲೆ ರಾತ್ರಿ ನಾಲ್ಕು ಸಲ ಏಳುತ್ತಿದ್ದದ್ದು ಎರಡಕ್ಕೆ ಇಳಿಯಿತು. ಹನ್ನೆರಡು ಮುಗಿಸಿ ಬಿಟ್ಟುಬಿಟ್ಟೆ, ಸ್ವಲ್ಪ ತಿಂಗಳಲ್ಲಿ ಮತ್ತೆ ಹಳೇ ಕತೆ. ಈಗ ತಿಂಗಳಿಗೊಮ್ಮೆ ಹೋಗುತ್ತೇನೆ.

ಕಾಪು_ಮನೆ:
ಅಕ್ಕ, ಅದಕ್ಕಿಂತ ಮೊದಲು ಒಂದು ಕೇಳಿ. ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿಯುತ್ತದೆ ಅಂತ ಸ್ಕ್ಯಾನ್ ಮಾಡಿಸಿದ್ದೀರಾ? ಎಂಎಸ್‌ನಲ್ಲಿ ಅವಸರವೂ ಇರುತ್ತದೆ, ಪೂರ್ತಿ ಖಾಲಿಯೂ ಆಗುವುದಿಲ್ಲ, ಎರಡೂ ಒಟ್ಟಿಗೆ. ನಮ್ಮವರಿಗೆ ಹಾಗೇ ಆಗಿತ್ತು. ಎರಡು ವರ್ಷ ಯಾರೂ ನೋಡಲೇ ಇಲ್ಲ, ಬರೀ ಅವಸರದ ಮಾತ್ರೆ, ಅದರಿಂದ ಇನ್ನೂ ಜಾಸ್ತಿ ಉಳಿಯಿತು, ಸೋಂಕು ಬಂತು, ಜ್ವರ ಬಂದ ದಿನ ಕಾಲೇ ಏಳಲಿಲ್ಲ. ಈಗ ದಿನಕ್ಕೆ ಎರಡು ಸಲ ಅವರೇ ಕ್ಯಾಥೆಟರ್ (ಮೂತ್ರ ಹೊರಗೆ ತೆಗೆಯುವ ಸಪೂರ ಕೊಳವೆ) ಹಾಕಿಕೊಳ್ಳುತ್ತಾರೆ, ಆರಾಮ ಇದ್ದಾರೆ. ಮೂತ್ರಕೋಶದ ನರಕ್ಕೆ ಕರೆಂಟ್ ಕೊಡಲು ಸೊಂಟದ ಹಿಂದೆ ಚರ್ಮದೊಳಗೆ ಇಡುವ ಯಂತ್ರದ ಬಗ್ಗೆ ಡಾಕ್ಟರು ಹೇಳಿದರೆ, ಅದನ್ನು ಇಟ್ಟುಕೊಂಡು ಎಂಆರ್‌ಐ ಮಾಡಿಸಬಹುದಾ ಅಂತ ಕೇಳಿ. ಹಳೆಯ ಮಾದರಿಗಳಿಗೆ ಅದರಲ್ಲಿ ತೊಡಕು ಇತ್ತು, ಎಂಎಸ್ ಇದ್ದವರಿಗೆ ಎಂಆರ್‌ಐ ತಪ್ಪುವುದಿಲ್ಲ ಅಲ್ವಾ. ಮತ್ತೆ ನೀರು ಕುಡಿಯುವುದನ್ನು ಬಿಡಬೇಡಿ, ಮೂತ್ರ ಗಟ್ಟಿಯಾದರೆ ಉರಿ, ಅವಸರ ಎರಡೂ ಹೆಚ್ಚುತ್ತದೆ.

ಉಡುಪಿ_ಅಕ್ಕ:
ಸ್ಕ್ಯಾನ್ ಯಾರೂ ಹೇಳಿರಲಿಲ್ಲ. ಗುರುವಾರ ಹೋಗುವಾಗ ಕೇಳುತ್ತೇನೆ. ಬಸ್ಸಿನಲ್ಲೇ, ಮೂಲ್ಕಿಯಲ್ಲಿ ಇಳಿದು.