ಪಿಸಿಓಎಸ್‌ಗೆ ಪಿಲ್ಸಾ, ಮೆಟ್‌ಫಾರ್ಮಿನ್ನಾ? ತಗೊಂಡವರು ಹೇಳಿ

ಪ್ರಶ್ನೆ: ನನಗೆ 26, ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಅಂಡಾಶಯ ಸರಿಯಾಗಿ ಕೆಲಸ ಮಾಡದ ತೊಂದರೆ) ಅಂದಿದ್ದಾರೆ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತದೆ, ಗದ್ದದಲ್ಲಿ ಕೂದಲು ಬೇರೆ. ಒಬ್ಬ ಡಾಕ್ಟರ್ ಗರ್ಭನಿರೋಧಕ ಮಾತ್ರೆ ಬರೆದರು, ಇನ್ನೊಬ್ಬರು ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್. ಮದುವೆಗೆ ಮುಂಚೆ ಪಿಲ್ಸ್ ತಗೊಂಡರೆ ಮಕ್ಕಳಾಗಲ್ಲ ಅಂತ ಅಮ್ಮ ಬೇಡ ಅನ್ನುತ್ತಾರೆ. ಅಕ್ಕಂದಿರೇ, ಯಾವುದು ಒಳ್ಳೆಯದು?

ಉತ್ತರ 1: ಎರಡನ್ನೂ ನುಂಗಿದವಳು ನಾನು. ಒಂದಕ್ಕೆ ಬದಲು ಇನ್ನೊಂದು ಅಂತಲ್ಲ, ಅವುಗಳ ಕೆಲಸವೇ ಬೇರೆ. ಪಿಲ್ಸ್ ಮುಟ್ಟನ್ನು ಹದಕ್ಕೆ ತರುತ್ತದೆ, ಗಂಡು ಹಾರ್ಮೋನನ್ನೂ ತಗ್ಗಿಸುತ್ತದೆ. ನನ್ನ ಮೊಡವೆ ಬೇಗ ಇಳಿಯಿತು. ಗದ್ದದ ಕೂದಲಿಗೆ ಮಾತ್ರ ಆರು ತಿಂಗಳಾದರೂ ಕಾಯಬೇಕು, ಆಗಲೇ ಬಂದಿರುವ ಒರಟು ಕೂದಲಿಗೆ ಲೇಸರ್ರೇ ಗತಿ. ಸಕ್ಕರೆ ಗಡಿಯಲ್ಲಿದೆ ಅಂದಾಗ ಮೆಟ್‌ಫಾರ್ಮಿನ್ ಸೇರಿಸಿದರು. ಮೊದಮೊದಲು ಹೊಟ್ಟೆ ತೊಳಸು, ಭೇದಿ, ಸಾಕಪ್ಪಾ ಅನಿಸಿತ್ತು. 500 ಮಿ.ಗ್ರಾಂ.ನಿಂದ ಶುರು ಮಾಡಿ, ಊಟದ ಜೊತೆ ತಗೊಂಡು, ಆಮೇಲೆ ಎಸ್ಆರ್ (ಹೊಟ್ಟೆಯಲ್ಲಿ ನಿಧಾನವಾಗಿ ಕರಗುವ) ಮಾತ್ರೆಗೆ ಬದಲಾಯಿಸಿದ ಮೇಲೆ ಸರಿಹೋಯಿತು. ವರ್ಷಗಟ್ಟಲೆ ತಗೊಂಡರೆ ಬಿ12 ಇಳಿಯಬಹುದು, ಆಗಾಗ ನೋಡಿಸಿ. ನಿಮಗೆ ಕಣ್ಣ ಮುಂದೆ ಮಿಂಚು ಬಂದು ತಲೆನೋವು ಬರುತ್ತದಾ? ಬಿಪಿ ಇದೆಯಾ? ಮನೆಯಲ್ಲಿ ಯಾರಿಗಾದರೂ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತಾ? ಪಿಲ್ಸ್ ಶುರು ಮಾಡುವ ಮುಂಚೆ ಇದನ್ನು ಡಾಕ್ಟರಿಗೆ ಹೇಳಲೇಬೇಕು.

ಉತ್ತರ 2: ಅಮ್ಮನಿಗೆ ಹೇಳಿ, ಪಿಲ್ಸ್‌ನಿಂದ ಬಂಜೆತನ ಬರುವುದಿಲ್ಲ. ನಿಲ್ಲಿಸಿದರೆ ಹಳೆಯ ಏರುಪೇರು ವಾಪಸ್ ಬರಬಹುದು, ಜನ ಅದನ್ನೇ ಪಿಲ್ಸ್ ತಲೆಗೆ ಕಟ್ಟುತ್ತಾರೆ. ಮಗು ಬೇಕು ಅಂದಾಗ ದಾರಿಯೇ ಬೇರೆ. ನನಗೆ ಅಂಡ ಬಿಡುಗಡೆಯಾಗಲಿ ಅಂತ ಲೆಟ್ರೊಜೋಲ್ ಮಾತ್ರೆ ಕೊಟ್ಟು, ಫಾಲಿಕ್ಯುಲರ್ ಸ್ಟಡಿ (ಅಂಡ ಬೆಳೆಯುವುದನ್ನು ನೋಡುವ ಸ್ಕ್ಯಾನ್) ಮಾಡಿದರು. ಇದು ಸ್ತನ ಕ್ಯಾನ್ಸರ್ ಮಾತ್ರೆ ಅಂತ ಗೊತ್ತಾಗಿ ಹೆದರಿದ್ದೆ. ನಮ್ಮ ದೇಶದಲ್ಲಿ 2011ರಲ್ಲಿ ಬಂಜೆತನಕ್ಕೆ ಇದನ್ನು ಕೊಡುವಂತಿಲ್ಲ ಅಂದಿದ್ದರು, 2017ರಲ್ಲಿ ಆ ನಿಷೇಧ ತೆಗೆದರು. ಪಿಸಿಓಎಸ್ ಇದ್ದ 750 ಹೆಂಗಸರ ಮೇಲೆ ಅಮೆರಿಕದಲ್ಲಿ ಮಾಡಿದ ಅಧ್ಯಯನ 2014ರಲ್ಲಿ ಬಂತು. ಅದರಲ್ಲಿ ಲೆಟ್ರೊಜೋಲ್ ತಗೊಂಡವರಲ್ಲಿ ಶೇ. 27.5, ಇದೇ ಕೆಲಸದ ಹಳೆಯ ಮಾತ್ರೆ ಕ್ಲೋಮಿಫೀನ್ ತಗೊಂಡವರಲ್ಲಿ ಶೇ. 19.1 ಮಂದಿಗೆ ಮಗುವಾಯಿತು. ಈಗ ಮೊದಲು ಕೊಡುವುದೇ ಇದನ್ನು.

ಉತ್ತರ 3: ಪಿಸಿಓಎಸ್‌ಗೆ ಅಂತ ಮಾರುವ ಇನೋಸಿಟಾಲ್ ಅನ್ನೋ ಸಪ್ಲಿಮೆಂಟ್ ಪುಡಿ ನಾನೂ ಕುಡಿದೆ. ದುಡ್ಡು ಜಾಸ್ತಿ, ಪುರಾವೆ ಕಡಿಮೆ. ತೂಕ ಜಾಸ್ತಿ ಇರುವವರಿಗೆ ಶೇ. 5ರಷ್ಟು ಇಳಿದರೂ ಮುಟ್ಟು ಸುಧಾರಿಸುವುದುಂಟು. ಸಣ್ಣಗಿರುವವರಿಗೂ ಪಿಸಿಓಎಸ್ ಬರುತ್ತದೆ, ಅವರಿಗೆ ಸುಮ್ನೆ 'ತೂಕ ಇಳಿಸಿ' ಅನ್ನಬೇಡಿ. ಏನೂ ಬೇಡ ಅಂತ ಕೂರುವುದೂ ಸರಿಯಲ್ಲ. ಮೂರು ತಿಂಗಳು ದಾಟಿದರೂ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ, ಅದಕ್ಕೇ ಪ್ರೊಜೆಸ್ಟರಾನ್ ಮಾತ್ರೆ ಕೊಟ್ಟು ಮುಟ್ಟು ತರಿಸುತ್ತಾರೆ. ಅಂದ ಹಾಗೆ, ನಿಮಗೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನ್) ಪರೀಕ್ಷೆ ಮಾಡಿಸಿದ್ದಾರಾ, ಅಥವಾ ಬರೀ ಸ್ಕ್ಯಾನ್ ನೋಡಿ ಹೇಳಿದರಾ?